ಓದದೆ ಒತ್ತಿದ ಒಪ್ಪಿಗೆ

ಹೋದ ತಿಂಗಳು ಯಾರಿಗೋ ಉತ್ತರ ಬರೆಯುತ್ತಾ, ಮೊಬೈಲಿನಲ್ಲಿ ‘ಐ ಅಗ್ರೀ’ ಒತ್ತುವ ಮೊದಲು ಪೂರ್ತಿ ಓದಿ ನೋಡಿ ಅಂತ ಒಂದು ಬುದ್ಧಿಮಾತು ಸೇರಿಸಿಬಿಟ್ಟಿದ್ದೆ. ಸುಮ್ನೆ ಇರಬೇಕಿತ್ತು. ಈ ಅಂಕಣಕ್ಕೆ ಇಷ್ಟು ಪತ್ರ ಬಂದದ್ದು, ಹುಣಸೆಹಣ್ಣಿಗೆ ಹುಳ ಬೀಳದಂತೆ ಇಡುವುದು ಹೇಗೆ ಅಂತ ಕೇಳಿದ ವರ್ಷ ಬಿಟ್ಟರೆ ಈಗಲೇ. ಅರ್ಧದಷ್ಟು ಬೈಗುಳ. ಉಳಿದರ್ಧದಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕುತ್ತಿಲ್ಲ. ವಿಷಯವೇ ಅಂಥದ್ದು, ಅಲ್ವಾ?

ಗ್ಯಾಸ್ ಬುಕ್ ಮಾಡಲು, ಕರೆಂಟ್ ಬಿಲ್ ಕಟ್ಟಲು, ಮಗಳ ಹಾಸ್ಟೆಲ್ ಫೀಸಿಗೆ, ಎಲ್ಲದಕ್ಕೂ ಒಪ್ಪಿಗೆ ಕೇಳುತ್ತಾರೆ. ನಾನು ಒಂದನ್ನೂ ಓದಿಲ್ಲ. ನಿಜ ಹೇಳಿ ಮೇಡಂ, ನೀವು ಓದುತ್ತೀರಾ?
— ಗೃಹಿಣಿ, ಭದ್ರಾವತಿ

ಇಲ್ಲ ತಾಯೀ, ಓದುವುದಿಲ್ಲ. ಹೋದ ತಿಂಗಳ ಮಾತನ್ನು ವಾಪಸ್ ತೆಗೆದುಕೊಂಡೆ.

ಪತ್ರಗಳು ಬಂದ ಮೇಲೆ ಒಂದು ಭಾನುವಾರ ಪಣ ತೊಟ್ಟು ಕೂತೆ. ಫೋನಿನಲ್ಲಿ ಇದ್ದ ಆಪ್‌ಗಳಲ್ಲಿ ಒಂದೇ ಒಂದು, ತರಕಾರಿ ತರಿಸುವುದು, ಅದರ ಷರತ್ತುಗಳನ್ನು ಮೊದಲ ಸಾಲಿನಿಂದ ಓದೋಣ ಅಂತ. ಒಲೆ ಮೇಲೆ ಬೇಳೆ ಇಟ್ಟಿದ್ದೆ. ಕುಕ್ಕರ್ ನಾಲ್ಕು ಕೂಗಿ, ತಣ್ಣಗಾಗಿ, ಒಗ್ಗರಣೆಯೂ ಮುಗಿಯಿತು. ನಾನಿನ್ನೂ ‘ಈ ಒಪ್ಪಂದದಲ್ಲಿ ಬಳಸಿರುವ ಪದಗಳ ಅರ್ಥ’ ಅನ್ನುವ ಕಡೆಯೇ ಇದ್ದೆ. ಅಷ್ಟಕ್ಕೆ ಕೈಬಿಟ್ಟೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 2008ರಲ್ಲೇ ಇದನ್ನು ಲೆಕ್ಕ ಹಾಕಿದ್ದರು. ಒಬ್ಬರು ವರ್ಷದಲ್ಲಿ ನೋಡುವ ವೆಬ್‌ಸೈಟುಗಳ ಪ್ರೈವಸಿ ಪಾಲಿಸಿಗಳನ್ನೆಲ್ಲ (ನಿಮ್ಮ ಮಾಹಿತಿಯನ್ನು ಏನು ಮಾಡುತ್ತೇವೆ ಅಂತ ಹೇಳುವ ಷರತ್ತುಗಳು) ಓದಲು ಸುಮಾರು 200 ಗಂಟೆ ಬೇಕಂತೆ. ದಿನಕ್ಕೆ ಎಂಟು ಗಂಟೆ ಅಂದರೂ 25 ದಿನ. ಅಂದರೆ ಸಂಬಳವಿಲ್ಲದೆ ಒಂದು ತಿಂಗಳು ಆಫೀಸಿಗೆ ಹೋದ ಹಾಗೆ. ಆಗ ಈಗಿನಷ್ಟು ಆಪ್‌ಗಳೂ ಇರಲಿಲ್ಲ.

ಇನ್ನೊಂದು ಪರೀಕ್ಷೆ ಇದೆ, ನಗು ಬರುತ್ತದೆ. ಉತ್ತರ ಅಮೆರಿಕದ ಇಬ್ಬರು ಸಂಶೋಧಕರು ಇಲ್ಲದ ಒಂದು ಸೋಷಿಯಲ್ ಮೀಡಿಯಾ ತಾಣ ಹುಟ್ಟಿಸಿ, 543 ಕಾಲೇಜು ವಿದ್ಯಾರ್ಥಿಗಳನ್ನು ಸೇರಲು ಕರೆದರು. ಷರತ್ತುಗಳ ಮಧ್ಯೆ ಒಂದು ಸಾಲು ತೂರಿಸಿದ್ದರು: ಶುಲ್ಕದ ಬದಲು ನಿಮ್ಮ ಚೊಚ್ಚಲ ಮಗುವನ್ನು ಕೊಡತಕ್ಕದ್ದು. ನೂರಕ್ಕೆ 98 ಮಂದಿ ಆ ಸಾಲನ್ನು ಗಮನಿಸದೆ ಒಳಗೆ ಹೋದರು. ಹರಿಶ್ಚಂದ್ರನಿಗಾದರೂ ಮಗನನ್ನು ಮಾರುವಾಗ ಏನು ಮಾರುತ್ತಿದ್ದೇನೆ ಅಂತ ಗೊತ್ತಿತ್ತು.

ಹಾಗಾಗಿ ಓದಿಲ್ಲ ಅಂತ ನೀವು ಕೊರಗಬೇಡಿ. ಅದನ್ನು ಬರೆದವರಿಗೂ ಗೊತ್ತು, ಯಾರೂ ಓದುವುದಿಲ್ಲ ಅಂತ. ನಾಳೆ ಕೋರ್ಟಿಗೆ ಹೋದರೆ ತೋರಿಸಲು ಬೇಕು ಅಂತ ಬರೆದಿರುತ್ತಾರೆ, ಅಷ್ಟೇ. ನಮಗೆ ಇರುವ ಹತ್ತು ಸೆಕೆಂಡನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದನ್ನು ಮುಂದಿನ ಉತ್ತರಗಳಲ್ಲಿ ನೋಡೋಣ.

ಮೂವತ್ತು ವರ್ಷ ಸಹಕಾರ ಸಂಘದಲ್ಲಿ ಕೆಲಸ ಮಾಡಿದೆ. ಓದು ಬಾರದ ರೈತರಿಗೆ ಸಾಲದ ಪತ್ರ ಓದಿ ಹೇಳಿ, ‘ಓದಿಸಿ ಕೇಳಿ ತಿಳಿದು ಒಪ್ಪಿರುತ್ತೇನೆ’ ಅಂತ ಬರೆದು ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಿದ್ದೆವು. ಈಗ ನನ್ನ ಮಗ, ಎಂಜಿನಿಯರು, ಒಂದು ಅಕ್ಷರ ಓದದೆ ಫೋನಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾನೆ. ಯಾರು ಅನಕ್ಷರಸ್ಥರಮ್ಮಾ?
— ನಿವೃತ್ತ ಕಾರ್ಯದರ್ಶಿ, ತುರುವೇಕೆರೆ

ರಾಯರೇ, ಈ ಪತ್ರಕ್ಕೆ ಉತ್ತರ ಬರೆಯುವುದಕ್ಕಿಂತ ಇದನ್ನೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು ಅನ್ನಿಸಿತು.

ನಮ್ಮ ಅಜ್ಜನ ಕಾಲದ ಒಂದು ಜಮೀನು ಪತ್ರ ಮನೆಯಲ್ಲಿದೆ. ಕೊನೆಯಲ್ಲಿ ಅಜ್ಜನ ಹೆಬ್ಬೆಟ್ಟು, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳ ರುಜು, ಅದರ ಕೆಳಗೆ ಬಿಕ್ಕಲಂ ಅಂತ ಬರೆದುಕೊಟ್ಟವನ ಹೆಸರು. ಮಸಿ ಒಂದು ಕಡೆ ಸ್ವಲ್ಪ ಜಾಸ್ತಿಯಾಗಿ ಹರಡಿದೆ. ಅಂದರೆ ಅಲ್ಲಿ ಓದಿ ಹೇಳುವವನೊಬ್ಬನಿದ್ದ, ನೋಡಿದವರು ಇಬ್ಬರಿದ್ದರು, ಅಜ್ಜ ಏನಾದರೂ ಕೇಳಿದ್ದರೆ ಉತ್ತರ ಹೇಳಲು ಎದುರಿಗೆ ಮನುಷ್ಯ ಅಂತ ಇದ್ದ. ಈಗಿನ ಒಪ್ಪಿಗೆಯಲ್ಲಿ ಮೂರೂ ಇಲ್ಲ. ಗಾಜಿನ ಮೇಲೆ ಬೆರಳು, ಮುಗಿಯಿತು.

ಆದರೆ ಆ ಕಾಲವನ್ನು ತೀರಾ ಹೊಗಳುವುದೂ ಬೇಡ. ಮಳೆ ಬಂದಿದೆ, ಬಿತ್ತನೆ ಬೀಜಕ್ಕೆ ದುಡ್ಡಿಲ್ಲ ಅಂತ ಬಂದ ರೈತ ನೀವು ಓದಿ ಹೇಳಿದ ಬಡ್ಡಿ ದರ ಕೇಳಿ ‘ಹಾಗಾದರೆ ಬೇಡ’ ಅಂತ ಎದ್ದು ಹೋದದ್ದು ಎಷ್ಟು ಸಲ? ತಿಳಿದು ಒಪ್ಪುವುದು ಬೇರೆ, ಬೇರೆ ದಾರಿ ಇಲ್ಲದೆ ಒಪ್ಪುವುದು ಬೇರೆ. ಇವತ್ತಿನ ಫೋನಿನ ಕಥೆಯೂ ಬಹುಪಾಲು ಎರಡನೆಯದೇ. 2021ರ ಜನವರಿಯಲ್ಲಿ ವಾಟ್ಸಾಪ್ ಹೊಸ ಪಾಲಿಸಿ ತಂದಾಗ ನೆನಪಿದೆಯಾ? ಒಪ್ಪಿ, ಇಲ್ಲದಿದ್ದರೆ ಮುಂದೆ ಬಳಸಲು ಆಗುವುದಿಲ್ಲ ಅನ್ನುವ ಧಾಟಿ. ಜನ ಎರಡು ವಾರ ಸಿಗ್ನಲ್, ಟೆಲಿಗ್ರಾಂ ಅಂತ ಬೇರೆ ಆಪ್‌ಗಳ ಕಡೆ ಓಡಾಡಿದರು. ಆಮೇಲೆ? ಹಾಲಿನವನು ವಾಟ್ಸಾಪಿನಲ್ಲಿ, ಶಾಲೆಯ ಗುಂಪು ವಾಟ್ಸಾಪಿನಲ್ಲಿ, ಬೀಗರು ವಾಟ್ಸಾಪಿನಲ್ಲಿ. ಎಲ್ಲರೂ ಒಪ್ಪಿ ಒತ್ತಿದರು. ಬೇಡ ಅನ್ನುವ ಆಯ್ಕೆಯನ್ನೇ ಕೊಡದೆ ಒಪ್ಪಿಸಿಕೊಂಡದ್ದು ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಅದರ ಒಡೆಯ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿಗೆ ಹೋಯಿತು.

ನಿಮ್ಮ ಮಗನನ್ನು ಬೈಯಬೇಡಿ. ಅವನು ಓದಿದ್ದರೂ ಒತ್ತುತ್ತಿದ್ದ.

ಪಂಚಾಂಗದ ಆಪ್ ಹಾಕಿಕೊಂಡೆ. ಲೊಕೇಶನ್ ಕೇಳಿತು, ಕಾಂಟ್ಯಾಕ್ಟ್ ಕೇಳಿತು, ಫೋಟೊ ಕೇಳಿತು. ದೇವರ ವಿಷಯ ಅಂತ ಎಲ್ಲಕ್ಕೂ ಹೂಂ ಅಂದೆ. ತಪ್ಪಾಯಿತಾ?
— ಹೋಟೆಲ್ ಕೆಲಸ, ಕುಂದಾಪುರ

ಒಂದು ಸರಿ, ಎರಡು ತಪ್ಪು. ನೂರಕ್ಕೆ 33 ಅಂಕ. ನಮ್ಮ ಕಾಲದಲ್ಲಿ ಪಾಸಾಗಲು 35 ಬೇಕಿತ್ತು.

ಲೊಕೇಶನ್ ಕೇಳಿದ್ದು ನ್ಯಾಯವೇ. ಪಂಚಾಂಗದ ಲೆಕ್ಕವೆಲ್ಲ ಸೂರ್ಯೋದಯದ ಮೇಲೆ ನಿಂತಿದೆ, ಕುಂದಾಪುರದ ಸೂರ್ಯೋದಯ ಬೇರೆ, ಕೋಲಾರದ್ದು ಬೇರೆ. ರಾಹುಕಾಲ ಸರಿಯಾಗಿ ಹೇಳಬೇಕಾದರೆ ಅದಕ್ಕೆ ನಿಮ್ಮ ಊರು ಗೊತ್ತಿರಬೇಕು. ಊರು ಸಾಕು, ಮನೆ ಬಾಗಿಲು ಬೇಡ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಲೊಕೇಶನ್ ಕೇಳಿದಾಗ ಎರಡು ಚಿತ್ರ ಬರುತ್ತವೆ, ಒಂದು ನಿಖರ ಜಾಗ, ಇನ್ನೊಂದು ಅಂದಾಜು ಜಾಗ. ಅಂದಾಜನ್ನು ಒತ್ತಿ. ಅದರ ಕೆಳಗೆ ‘ಆಪ್ ಬಳಸುವಾಗ ಮಾತ್ರ’ ಅನ್ನುವುದನ್ನು ಆರಿಸಿ.

ಇನ್ನು ಕಾಂಟ್ಯಾಕ್ಟು. ಏಕಾದಶಿ ಯಾವತ್ತು ಅಂತ ಹೇಳಲು ನಿಮ್ಮ ಸೋದರಮಾವನ ನಂಬರ್ ಯಾಕೆ ಬೇಕು? ನಮ್ಮ ದೇಶದ ಹೊಸ ಕಾನೂನು, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಇದಕ್ಕೆ ಒಂದು ಉದಾಹರಣೆಯನ್ನು ಕಾಯ್ದೆಯ ಒಳಗೇ ಕೊಟ್ಟಿದೆ. ಫೋನಿನಲ್ಲಿ ಡಾಕ್ಟರ ಸಲಹೆ ಕೊಡಿಸುವ ಒಂದು ಆಪ್, ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆಗೆ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳುತ್ತದೆ, ಬಳಸುವವರು ಎರಡಕ್ಕೂ ಹೂಂ ಅನ್ನುತ್ತಾರೆ. ಕಾನೂನು ಏನು ಹೇಳುತ್ತದೆ ಗೊತ್ತಾ? ಹೂಂ ಅಂದಿದ್ದರೂ ಆ ಒಪ್ಪಿಗೆ ಚಿಕಿತ್ಸೆಯ ಮಾಹಿತಿಗೆ ಮಾತ್ರ, ಕಾಂಟ್ಯಾಕ್ಟ್ ಪಟ್ಟಿಗೆ ಅದು ಲೆಕ್ಕಕ್ಕಿಲ್ಲ. ನನಗೆ ಈ ಕಾಯ್ದೆಯಲ್ಲಿ ಬಹಳ ಇಷ್ಟವಾದ ಭಾಗ ಇದು. ಮದುವೆ ಊಟಕ್ಕೆ ಕರೆದವನು ಮನೆಯ ಬೀಗದ ಕೈ ಕೇಳಿದರೆ, ನೀವು ಮುಲಾಜಿಗೆ ಬಿದ್ದು ಕೊಟ್ಟರೂ ಅದು ಅವನದಾಗುವುದಿಲ್ಲ.

ಈಗಲೇ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವಸಿ ಅಂತ ಇರುತ್ತದೆ, ಅದರೊಳಗೆ ಪರ್ಮಿಶನ್ ಮ್ಯಾನೇಜರ್. ಅಲ್ಲಿ ಕಾಂಟ್ಯಾಕ್ಟ್ಸ್ ಒತ್ತಿದರೆ ಯಾರ್ಯಾರು ನಿಮ್ಮ ಪಟ್ಟಿ ನೋಡುತ್ತಿದ್ದಾರೆ ಅಂತ ಸಾಲಾಗಿ ಕಾಣುತ್ತದೆ. ಪಂಚಾಂಗವನ್ನು ಅಲ್ಲಿಂದ ತೆಗೆಯಿರಿ. ತಿಥಿ ನಕ್ಷತ್ರ ಏನೂ ಬದಲಾಗುವುದಿಲ್ಲ.

ದಾವಣಗೆರೆ ಹತ್ತಿರ ಸೈಟಿನ ರೇಟು ಎಷ್ಟಿದೆ ಅಂತ ಒಂದೇ ಒಂದು ಸಲ ನೆಟ್ಟಿನಲ್ಲಿ ನೋಡಿದೆ. ಅಂದಿನಿಂದ ದಿನಕ್ಕೆ ಆರೇಳು ಫೋನು. ನಾನು ಡಿಎನ್‌ಡಿ (ಜಾಹೀರಾತಿನ ಕರೆ ಬೇಡ ಅನ್ನುವ ನೋಂದಣಿ) ಹಾಕಿಸಿದ್ದೇನೆ. ಆದರೂ ಹೇಗೆ?
— ಕೆಎಸ್‌ಆರ್‌ಟಿಸಿ ನೌಕರ, ಹರಿಹರ

ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಸ್ವಾಮಿ. ಬೇಸರ ಮಾಡಿಕೊಳ್ಳಬೇಡಿ, ನಾನೂ ಕೊಟ್ಟಿದ್ದೆ.

ರೇಟು ತೋರಿಸುವ ಮೊದಲು ಹೆಸರು, ನಂಬರ್ ಕೇಳಿರುತ್ತಾರೆ. ಕೆಳಗೆ ದೊಡ್ಡ ಹಸಿರು ಗುಂಡಿ. ಆ ಗುಂಡಿಗೂ ನಂಬರ್ ಖಾನೆಗೂ ಮಧ್ಯೆ, ಬೂದು ಬಣ್ಣದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಅದರ ತಾತ್ಪರ್ಯ ಹೀಗೆ: ನನ್ನ ನಂಬರ್ ಡಿಎನ್‌ಡಿಯಲ್ಲಿ ಇದ್ದರೂ ನೀವು ಮತ್ತು ನಿಮ್ಮ ಪಾಲುದಾರರು ನನಗೆ ಕರೆ, ಮೆಸೇಜು, ವಾಟ್ಸಾಪ್ ಮಾಡಲು ನನ್ನ ಒಪ್ಪಿಗೆ ಇದೆ. ಪಕ್ಕದ ಚೌಕದಲ್ಲಿ ಟಿಕ್ ಗುರುತು ಮೊದಲೇ ಬಿದ್ದಿರುತ್ತದೆ. ಹಾಕಿದವರು ನೀವಲ್ಲ, ತೆಗೆಯಬೇಕಾದವರು ಮಾತ್ರ ನೀವು. ‘ಪಾಲುದಾರರು’ ಅಂದರೆ ಎಷ್ಟು ಜನ ಅಂತ ಎಲ್ಲೂ ಹೇಳುವುದಿಲ್ಲ. ನಿಮ್ಮ ಆರೇಳು ಫೋನು ಅವರದ್ದೇ.

ಹತ್ತು ಸೆಕೆಂಡು ಅಂದೆನಲ್ಲ, ಅದನ್ನು ಇಲ್ಲಿ ಖರ್ಚು ಮಾಡಿ. ಇಪ್ಪತ್ತು ಪುಟದ ಷರತ್ತು ಬಿಟ್ಟುಬಿಡಿ, ಗುಂಡಿಯ ಅಕ್ಕಪಕ್ಕದ ಆ ಒಂದು ಸಾಲನ್ನು ಮಾತ್ರ ಓದಿ. ಟಿಕ್ ಇದ್ದರೆ ತೆಗೆದು ನೋಡಿ. ಎಷ್ಟೋ ಕಡೆ ತೆಗೆದರೂ ಮುಂದೆ ಹೋಗಲು ಬಿಡುತ್ತಾರೆ. ಬಿಡದಿದ್ದರೆ ಆ ರೇಟು ತಿಳಿಯಲು ಊರಿನ ಬ್ರೋಕರನ್ನು ಕೇಳುವುದು ವಾಸಿ, ಅವನು ಒಬ್ಬನೇ ಫೋನ್ ಮಾಡುತ್ತಾನೆ. ಬಂದ ಕರೆಗಳ ಮೇಲೆ 1909ಕ್ಕೆ ದೂರು ಕೊಡಬಹುದು, ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್‌ನವರದ್ದೇ ಡಿಎನ್‌ಡಿ ಆಪ್ ಕೂಡ ಇದೆ. ಕರೆ ಬಂದ ಎರಡು ಮೂರು ದಿನದೊಳಗೇ ಕೊಟ್ಟುಬಿಡಿ, ತಡ ಮಾಡಬೇಡಿ.

ಬಟ್ಟೆ ಅಂಗಡಿಯಲ್ಲಿ ಫೋನ್ ನಂಬರ್ ಇಲ್ಲದೆ ಬಿಲ್ಲೇ ಆಗುವುದಿಲ್ಲ ಅಂದರು. ಕೊಡಲೇಬೇಕಾ?
— ಪಿಯುಸಿ ಉಪನ್ಯಾಸಕಿ, ಮಂಡ್ಯ

ಕೊಡಬೇಕಾಗಿಲ್ಲ. ನಂಬರ್ ಕೊಡದಿದ್ದರೆ ಮಾರುವುದಿಲ್ಲ ಅನ್ನುವುದು ಅನ್ಯಾಯದ ವ್ಯಾಪಾರ ಪದ್ಧತಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ದೂರಿಗೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಹೇಳುವುದು ಸುಲಭ. ಹೋದ ದಸರೆಗೆ ನಾನೇ ಒಂದು ದೊಡ್ಡ ಅಂಗಡಿಯಲ್ಲಿ ನಿಂತು ‘ನಂಬರ್ ಕೊಡುವುದಿಲ್ಲ’ ಅಂದೆ. ಕೌಂಟರಿನ ಹುಡುಗಿಗೆ ಇಪ್ಪತ್ತು ವರ್ಷ ಇರಬಹುದು. ‘ಮೇಡಂ, ಸಿಸ್ಟಮ್ ಮುಂದೆ ಹೋಗಲ್ಲ’ ಅಂದಳು. ನನ್ನ ಹಿಂದೆ ಎಂಟು ಜನ, ಒಂದು ಮಗು ಅಳುತ್ತಿದೆ, ಯಾರೋ ಲೊಚಗುಟ್ಟಿದರು. ಮ್ಯಾನೇಜರ್ ಬರಲಿ ಅಂದೆ. ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಆ ಹುಡುಗಿಯ ಕಡೆ ಬಾಗಿ ನಂಬರಿನ ಜಾಗದಲ್ಲಿ ಹತ್ತು ಸಲ 9 ಹೊಡೆದರು. ಬಿಲ್ ಬಂತು. ಅಂದರೆ ಸಿಸ್ಟಮ್ ಮುಂದೆ ಹೋಗುತ್ತದೆ! ಆ ಹುಡುಗಿಗೆ ದಿನಕ್ಕೆ ಇಷ್ಟು ನಂಬರ್ ಸೇರಿಸಬೇಕು ಅಂತ ಯಾರೋ ಲೆಕ್ಕ ಕೊಟ್ಟಿರುತ್ತಾರೆ, ಅವಳ ಮೇಲೆ ರೇಗಬೇಡಿ.

ಬಿಲ್ಲನ್ನು ಮೊಬೈಲಿಗೇ ಕಳಿಸಿ ಅಂತ ನೀವಾಗಿ ನಂಬರ್ ಕೊಟ್ಟಿರಿ ಅನ್ನಿ, ಆಗಲೂ ಅದು ಬಿಲ್ ಕಳಿಸಲು ಮಾತ್ರ. ಹೊಸ ಕಾಯ್ದೆಯಲ್ಲಿ ಔಷಧದ ಅಂಗಡಿಯ ಉದಾಹರಣೆ ಕೊಟ್ಟು ಇದನ್ನು ಬರೆದಿದ್ದಾರೆ. ಆಷಾಢದ ಡಿಸ್ಕೌಂಟಿನ ಮೆಸೇಜಿಗೆ ಬೇರೆ ಒಪ್ಪಿಗೆ ಬೇಕು.

ಒಪ್ಪಿಗೆ ಪತ್ರಗಳು ಕನ್ನಡದಲ್ಲಿ ಯಾಕಿಲ್ಲ? ನಮ್ಮ ಅಜ್ಜಿಗೆ ತುಳು ಬಿಟ್ಟರೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಪಿಂಚಣಿಗೆ ಅಂತ ಫೋನ್ ಕೊಡಿಸಿದ್ದೇವೆ.
— ಬಿಕಾಂ ವಿದ್ಯಾರ್ಥಿ, ಮೂಡುಬಿದಿರೆ

ಬರಲೇಬೇಕು ತಮ್ಮಾ, ಅಂತ ಕಾನೂನೇ ಹೇಳುತ್ತದೆ. ಒಪ್ಪಿಗೆ ಕೇಳುವವರು ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಷೆಡ್ಯೂಲಿನ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ. ತುಳು ಇಲ್ಲ, ಕೊಡವ ಇಲ್ಲ, ಬ್ಯಾರಿಯೂ ಇಲ್ಲ. ಅಜ್ಜಿಗೆ ಕನ್ನಡ ಓದಲು ಬರುವುದರಿಂದ ಬಚಾವ್. ಅದೂ ಬಾರದ ಅಜ್ಜಿಯರಿಗೆ ನಿಮ್ಮಂಥ ಮೊಮ್ಮಕ್ಕಳೇ ಗತಿ.

ಆದರೆ ಇದು ಇನ್ನೂ ಜಾರಿಗೆ ಬರಬೇಕಾದ ಭಾಗ. ಕಾಯ್ದೆ ಆದದ್ದು 2023ರ ಆಗಸ್ಟಿನಲ್ಲಿ, ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಕಟ್ಟಳೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಅಂದರೆ 2027ರ ಮೇ. ಅಲ್ಲಿಯವರೆಗೆ ಕೇಳುವುದು ನಮ್ಮ ಹಟ, ಕೊಡುವುದು ಅವರ ಮರ್ಜಿ.

ನನ್ನ ಹೆದರಿಕೆ ಬೇರೆ. ಕನ್ನಡದಲ್ಲಿ ಬಂದರೂ ಅದು ಎಂಥ ಕನ್ನಡದಲ್ಲಿ ಬರುತ್ತದೆ? ಈಗಾಗಲೇ ಕನ್ನಡದಲ್ಲಿ ಪಾಲಿಸಿ ಹಾಕಿರುವ ಕಡೆ ಹೋಗಿ ನೋಡಿ. ‘ತೃತೀಯ ಪಕ್ಷದೊಂದಿಗೆ ದತ್ತಾಂಶವನ್ನು ಹಂಚಿಕೊಳ್ಳಲಾಗುವುದು’ ಅಂತ ಇರುತ್ತದೆ. ನಮ್ಮ ಚಿಕ್ಕಪ್ಪ ಇದನ್ನು ಓದಿ, ‘ತೃತೀಯ ಪಕ್ಷ ಅಂದರೆ ಯಾವುದೇ, ಜೆಡಿಎಸ್ಸಾ?’ ಅಂತ ಕೇಳಿದರು. ನಕ್ಕೆವು, ಆದರೆ ತಪ್ಪು ಅವರದ್ದಲ್ಲ. ‘ನಿಮ್ಮ ನಂಬರನ್ನು ಬೇರೆ ಕಂಪನಿಗಳಿಗೆ ಕೊಡುತ್ತೇವೆ’ ಅಂತ ಬರೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗಿಬಿಟ್ಟರೆ ಯಾರೂ ಒತ್ತುವುದಿಲ್ಲ, ಅದೇ ತೊಂದರೆ. ನೋಟಿಸು ಸರಳವಾದ ಭಾಷೆಯಲ್ಲಿ ಇರಬೇಕು ಅಂತಲೂ ನಿಯಮದಲ್ಲಿದೆ. ಸರಳ ಅನ್ನುವುದನ್ನು ಅಳೆಯಲು ನಿಮ್ಮ ಅಜ್ಜಿಯನ್ನೇ ನೇಮಿಸಬೇಕು.

ಇಲ್ಲಿ ಮ್ಯೂನಿಕ್‌ನಲ್ಲಿ ಪ್ರತಿ ವೆಬ್‌ಸೈಟಿನಲ್ಲೂ ಕುಕೀ (ನಮ್ಮ ಗುರುತು ಹಿಡಿಯಲು ವೆಬ್‌ಸೈಟು ನಮ್ಮ ಫೋನಿನಲ್ಲಿ ಇಡುವ ಚಿಕ್ಕ ಫೈಲು) ಒಪ್ಪಿಗೆಯ ಪೆಟ್ಟಿಗೆ. ಊರಿಗೆ ಬಂದರೆ ಅದು ಅಷ್ಟಾಗಿ ಇಲ್ಲ, ನೆಮ್ಮದಿ ಅನ್ನಿಸುತ್ತದೆ! ನಾನು ಅಂದುಕೊಂಡದ್ದು ತಪ್ಪಾ?
— ಸಾಫ್ಟ್‌ವೇರ್ ಕೆಲಸ, ಜರ್ಮನಿ

ನೊಣ ಕಾಣುತ್ತಿಲ್ಲ ಅಂತ ಪಾಯಸಕ್ಕೆ ಬಿದ್ದಿಲ್ಲ ಅಂದುಕೊಳ್ಳಬೇಡಿ. ಕುಕೀ ಇಲ್ಲೂ ಇವೆ, ಹೇಳದೆ ಇವೆ.

ನಿಮ್ಮಲ್ಲಿ 2018ರ ಮೇ 25ರಿಂದ ಜಿಡಿಪಿಆರ್ ಅನ್ನುವ ಯುರೋಪಿನ ಡೇಟಾ ಕಾನೂನು ಇದೆ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯೇ ಅಲ್ಲ ಅಂತ ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿದ್ದು ನಿಮ್ಮ ಜರ್ಮನಿಯ ಒಂದು ಆನ್‌ಲೈನ್ ಲಾಟರಿ ಕಂಪನಿಯ ಕೇಸಿನಲ್ಲೇ. ಹರಿಹರದವರ ಸೈಟಿನ ಟಿಕ್ಕಿಗೆ ಅಂಥ ತೀರ್ಪು ಇದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಕಂಪನಿಗಳು ಹೊಸ ದಾರಿ ಹುಡುಕಿದವು, ಒಪ್ಪಲು ಒಂದು ಕ್ಲಿಕ್, ನಿರಾಕರಿಸಲು ನಾಲ್ಕು. ಫ್ರಾನ್ಸಿನಲ್ಲಿ ಜನರ ಡೇಟಾ ಕಾಯುವ ಸರ್ಕಾರಿ ಸಂಸ್ಥೆ ಸಿಎನ್‌ಐಎಲ್ ಇದಕ್ಕೇ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿತು. ಈಗ ನಿಮಗೆ ‘ಎಲ್ಲ ಬೇಡ’ ಅನ್ನುವ ಗುಂಡಿ ಮೊದಲ ಪುಟದಲ್ಲೇ ಸಿಗುತ್ತಿದ್ದರೆ ಇಂಥ ದಂಡಗಳ ಪಾಲು ಅದರಲ್ಲಿದೆ.

ಪೆಟ್ಟಿಗೆ ಜಾಸ್ತಿಯಾಗಿ ಜನ ನೋಡದೆ ಒತ್ತುವಂತಾಗಿದೆ ಅನ್ನುವುದೂ ನಿಜ. ದಿನಕ್ಕೆ ನಲವತ್ತು ಸಲ ಬಾಗಿಲು ತಟ್ಟಿದರೆ ಯಾರು ತಾನೇ ಕಿಟಕಿಯಲ್ಲಿ ಇಣುಕಿ ನೋಡುತ್ತಾರೆ?

ತುರ್ತಿಗೆ ಒಂದು ಆಪಿನಲ್ಲಿ ಆರು ಸಾವಿರ ಸಾಲ ತೆಗೆದೆ. ಕಂತು ತಪ್ಪಿತು. ನನ್ನ ಫೋನಿನಲ್ಲಿರುವ ಎಲ್ಲರಿಗೂ ಮೆಸೇಜು ಕಳಿಸುತ್ತಿದ್ದಾರೆ. ಕಾಂಟ್ಯಾಕ್ಟಿಗೆ ಒಪ್ಪಿಗೆ ಕೊಟ್ಟದ್ದು ನಾನೇ, ಯಾರಿಗೆ ಹೇಳಲಿ?
— ಹೆಸರು ಊರು ಬೇಡ

ಪೊಲೀಸರಿಗೆ ಹೇಳಿ. ಇವತ್ತೇ 1930ಕ್ಕೆ ಫೋನ್ ಮಾಡಿ, ಅಥವಾ ಹತ್ತಿರದ ಸೈಬರ್ ಠಾಣೆಗೆ ಹೋಗಿ. ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಅಳಿಸಬೇಡಿ. ಒಪ್ಪಿಗೆ ಕೊಟ್ಟೆ ಅಂತ ತಲೆ ತಗ್ಗಿಸಬೇಡಿ. ಸಾಲದ ಆಪ್‌ಗಳು ಫೋನಿನ ಕಾಂಟ್ಯಾಕ್ಟು, ಫೋಟೊ, ಕರೆ ಪಟ್ಟಿಯನ್ನು ಮುಟ್ಟಲೇಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. ಕೇಳಬಾರದ್ದನ್ನು ಕೇಳಿದ್ದು ಅವರು. ಕಂತು ಬಾಕಿ ಇರುವುದು ಬೇರೆ ವಿಷಯ, ಮಾನ ಕಳೆಯುವುದು ಬೇರೆ. ಮನೆಯಲ್ಲಿ ಒಬ್ಬರಿಗಾದರೂ ಇವತ್ತು ರಾತ್ರಿಯೇ ಹೇಳಿಬಿಡಿ. ಹೊರಗಿನವರಿಂದ ಮೆಸೇಜು ಬರುವ ಮೊದಲು ನಿಮ್ಮ ಬಾಯಿಂದ ಕೇಳಿದ್ದರೆ ಅವರೂ ನಿಮ್ಮ ಕಡೆ ನಿಲ್ಲುತ್ತಾರೆ.

ಇಷ್ಟೆಲ್ಲ ಯಾಕೆ? ನನ್ನ ಹತ್ತಿರ ಮುಚ್ಚಿಡುವಂಥದ್ದು ಏನೂ ಇಲ್ಲ. ಮಾಹಿತಿ ಹೋದರೆ ಹೋಗಲಿ.
— ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಅಡಿಕೆ ಎಷ್ಟು ಚೀಲ ಬಂತು, ಯಾವ ಮಂಡಿಗೆ ಹಾಕಿದಿರಿ, ಎಷ್ಟಕ್ಕೆ ಹೋಯಿತು ಅಂತ ಈ ಅಂಕಣದಲ್ಲಿ ಹಾಕಲಾ? ಬೇಡ ಅಲ್ವಾ. ಕಳ್ಳತನ ಅಂತಲ್ಲ, ಅದು ನಿಮ್ಮ ವಿಷಯ ಅಂತ.

ಈ ‘ನನ್ನ ವಿಷಯ’ ಅನ್ನುವುದನ್ನು ಹಿಡಿದು ದೆಹಲಿಗೆ ಹೋದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಬೇರೆಯವರಾಗಿದ್ದರೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂರುವ ವಯಸ್ಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಇವತ್ತಿನ ಡೇಟಾ ಕಾಯ್ದೆಗೆ ದಾರಿಯಾದದ್ದೂ ಅದೇ ತೀರ್ಪು. 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ದಿನಾ ಅವರ ಹೆಸರು ಹೇಳುತ್ತಾರೆ, ನಮ್ಮ ಕಡೆ ಕೇಳಿ ನೋಡಿ, ಎಷ್ಟು ಜನಕ್ಕೆ ಗೊತ್ತು.

ಇನ್ನೊಂದು ಮಾತು. ನಿಮ್ಮ ಫೋನಿನಲ್ಲಿ ಇರುವುದು ನಿಮ್ಮದೊಂದೇ ಮಾಹಿತಿಯಲ್ಲ. ಅಡಿಕೆ ಕೊಯ್ಯುವ ಕೊನೆಗಾರರ ನಂಬರಿದೆ, ತಂಗಿಯ ಮನೆ ವಿಳಾಸವಿದೆ, ಮೊಮ್ಮಗಳ ಫೋಟೊ ಇದೆ. ‘ಹೋದರೆ ಹೋಗಲಿ’ ಅಂತ ನೀವು ಒತ್ತಿದಾಗ ಅವರೆಲ್ಲರ ಪರವಾಗಿಯೂ ಒತ್ತಿರುತ್ತೀರಿ. ಅವರನ್ನು ಕೇಳಿದ್ದಿರಾ?

ಮಗಳ ಶಾಲೆಯವರು ಅಡ್ಮಿಷನ್ ಫಾರಂ ಜೊತೆಗೇ ‘ಮಗುವಿನ ಫೋಟೊ ಎಲ್ಲಿ ಬೇಕಾದರೂ ಬಳಸಲು ಒಪ್ಪಿಗೆ’ ಅಂತ ಸಹಿ ಮಾಡಿಸಿಕೊಂಡರು. ಈಗ ಅವಳ ನೃತ್ಯದ ಫೋಟೊ ಫೇಸ್‌ಬುಕ್ಕಿನಲ್ಲೂ ಬಸ್ ನಿಲ್ದಾಣದ ಫ್ಲೆಕ್ಸಿನಲ್ಲೂ ಇದೆ.
— ತಾಯಿ, ವಿಜಯಪುರ

ಮೊದಲು ಪ್ರಿನ್ಸಿಪಾಲರಿಗೆ ಎರಡು ಸಾಲಿನ ಪತ್ರ ಬರೆಯಿರಿ: ಫೋಟೊಗೆ ಕೊಟ್ಟ ಒಪ್ಪಿಗೆ ವಾಪಸ್ ಪಡೆದಿದ್ದೇನೆ, ತೆಗೆಯಿರಿ. ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಜಗಳ ಬೇಡ, ಮಗಳು ಅಲ್ಲೇ ಓದಬೇಕಲ್ಲ. ಹೊಸ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಡೇಟಾ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಪಾಠಕ್ಕೆ, ಮಕ್ಕಳ ಸುರಕ್ಷತೆಗೆ ಅಂತ ಶಾಲೆಗಳಿಗೆ ಕೆಲವು ವಿನಾಯಿತಿ ಕೊಟ್ಟಿದ್ದಾರೆ. ಬಸ್ ನಿಲ್ದಾಣದ ಫ್ಲೆಕ್ಸು ಪಾಠವೂ ಅಲ್ಲ, ಸುರಕ್ಷತೆಯೂ ಅಲ್ಲ.

ಕೊಟ್ಟ ಒಪ್ಪಿಗೆ ವಾಪಸ್ ಪಡೆಯುವುದು ಹೇಗೆ? ಆಪ್ ಡಿಲೀಟ್ ಮಾಡಿದರೆ ಸಾಕಾ?
— ಟೈಲರ್, ಗದಗ

ಸಾಲದು. ಆಪ್ ಅಳಿಸಿದರೆ ನಿಮ್ಮ ಫೋನಿನಿಂದ ಅದು ಹೋಯಿತು, ಅವರ ಕಂಪ್ಯೂಟರಿನಿಂದ ನೀವು ಹೋಗಲಿಲ್ಲ. ಅಂಗಡಿಗೆ ಹೋಗುವುದನ್ನು ಬಿಟ್ಟರೆ ಉದ್ದರಿ ಪುಸ್ತಕದಲ್ಲಿ ನಿಮ್ಮ ಹೆಸರು ಅಳಿಸಿಹೋಗುತ್ತದಾ? ಮೊದಲು ಆಪಿನೊಳಗೆ ಅಕೌಂಟ್ ಡಿಲೀಟ್ ಅಂತ ಹುಡುಕಿ ಒತ್ತಿ, ಆಮೇಲೆ ಆಪ್ ಅಳಿಸಿ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಮಾಹಿತಿಯನ್ನು ಜೋಪಾನ ಮಾಡದೆ ಸೋರಲು ಬಿಟ್ಟರೆ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಕೇಳಲು ಖುಷಿ. ಆದರೆ ಆ ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ಮಾಹಿತಿ ಕಳೆದುಕೊಂಡ ನಿಮಗೆ ಆ ಕಾಯ್ದೆಯಲ್ಲಿ ಪರಿಹಾರದ ಮಾತಿಲ್ಲ. ಸುಳ್ಳು ದೂರು ಕೊಟ್ಟರೆ ಮಾತ್ರ ನಿಮಗೆ ಹತ್ತು ಸಾವಿರದವರೆಗೆ ದಂಡ ಇದೆ! ಇದು ನನಗೆ ಸರಿ ಕಂಡಿಲ್ಲ.

ನಿಮ್ಮ ಅಂಕಣಕ್ಕೆ ಪ್ರಶ್ನೆ ಕಳಿಸುವ ಕೂಪನ್ನಿನಲ್ಲಿ ಹೆಸರು, ವಯಸ್ಸು, ಪೂರ್ತಿ ವಿಳಾಸ, ಮೊಬೈಲ್ ನಂಬರ್ ಕೇಳಿದ್ದೀರಿ. ಯಾಕೆ ಅಂತ ಎಲ್ಲೂ ಬರೆದಿಲ್ಲ.
— ಓದುಗ, ಅರಸೀಕೆರೆ

ಈ ಪತ್ರ ಹಿಡಿದುಕೊಂಡು ಆಫೀಸಿಗೇ ಹೋದೆ. ಡಿಟಿಪಿಯವರನ್ನು ಕೇಳಿದೆ, ಮೊದಲಿನಿಂದ ಹಾಗೇ ಇದೆ ಅಂದರು. ಪ್ರಸರಣ ವಿಭಾಗದವರು ಸಂಪಾದಕರನ್ನು ಕೇಳಿ ಅಂದರು. ಸಂಪಾದಕರು ಕನ್ನಡಕ ತೆಗೆದು ಒರೆಸುತ್ತಾ, ‘ನಾವು ಯಾರಿಗೂ ಫೋನ್ ಮಾಡಿದ ನೆನಪಿಲ್ಲವಲ್ಲ’ ಅಂದರು. ಎರಡು ವರ್ಷದ ಕೂಪನ್ನುಗಳು ಮೆಟ್ಟಿಲಿನ ಕೆಳಗೆ ಒಂದು ರಟ್ಟಿನ ಡಬ್ಬದಲ್ಲಿ ಇದ್ದವು, ಮೇಲೆ ಯಾರೋ ಕೊಡೆ ಒಣಗಲು ಹಾಕಿದ್ದರು. ಕೂಪನ್ನುಗಳನ್ನು ಹರಿದು ಹಾಕಿಸಿದ್ದೇವೆ, ಡಬ್ಬ ಖಾಲಿ ಇದೆ. ಮುಂದಿನ ಸಂಚಿಕೆಯಿಂದ ಊರಿನ ಹೆಸರು ಬರೆದರೆ ಸಾಕು, ಅದೂ ಇಷ್ಟವಿದ್ದರೆ.